ಎದೆಮಟ್ಟದ ಸೌದೆ ಒಟ್ಟಿಲು

ಕಾಫಿ ಕುಡಿಯುವ ಮೊದಲು ಚಿಕ್ಕಬೀರಯ್ಯ ತನ್ನ ಸೌದೆ ಒಟ್ಟಿಲನ್ನು ಮಾರಿದ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ, ಅದೇ ಒಟ್ಟಿಲನ್ನು ನೋಡಲು ಇವತ್ತೇ ನೆಂಟರು ಬರುತ್ತಾರೆಂಬ ಸುದ್ದಿ ಬಂತು. ಎರಡರ ನಡುವೆ ಇದ್ದದ್ದು ಒಂದು ಲೋಟ ಕಾಫಿ. ಅದನ್ನು ಮೊದಲೇ ಕುಡಿದಿದ್ದರೆ ಅವನ ದಿನ ನೆಮ್ಮದಿಯಾಗಿ ಕಳೆಯುತ್ತಿತ್ತು.

ಹಳೇಕೋಟೆ ಹೋಬಳಿಯ ಆ ಊರಿನಲ್ಲಿ ಅವನದು ಸಣ್ಣ ಹಿಡುವಳಿ. ಒಂದಿಷ್ಟು ರಾಗಿ ಹೊಲ, ಕೆಲವು ತೆಂಗಿನ ಮರ, ಬದುವಿನ ಮೇಲೆ ಹೊಂಗೆ, ಜಾಲಿ, ಸರ್ವೆ. ರಾಗಿ ಹೊಟ್ಟೆಗೆ, ಸೌದೆ ಕೈಖರ್ಚಿಗೆ. ಪೇಟೆಯ ಮನೆಗಳಿಗೆ ಗ್ಯಾಸ್ ಬಂದಿದ್ದರೂ ಮದುವೆ ಛತ್ರಗಳ ಕೊಪ್ಪರಿಗೆಗಳು ಇನ್ನೂ ಸೌದೆಯನ್ನೇ ನಂಬಿದ್ದ ಕಾಲ ಅದು. ಆದರೆ ಚಿಕ್ಕಬೀರಯ್ಯನ ಹೆಮ್ಮೆ ಸೌದೆ ಮಾರುವುದರಲ್ಲಿ ಇರಲಿಲ್ಲ, ಒಟ್ಟುವುದರಲ್ಲಿತ್ತು. ಮನೆಯ ಪಕ್ಕ ಎದೆಮಟ್ಟಕ್ಕೆ, ಗೋಡೆಯಷ್ಟೇ ಉದ್ದಕ್ಕೆ ಒಟ್ಟುತ್ತಿದ್ದ. ಒಂದು ತುಂಡು ಮುಂದೆ ಚಾಚಿರಬಾರದು, ಒಂದು ಹಿಂದೆ ಸರಿದಿರಬಾರದು. ಹೊಸಬರು ಯಾರಾದರೂ ಬೀದಿಯಲ್ಲಿ ಹೋದರೆ ಜಗಲಿಯ ಮೇಲೆ ಕೂತು ಕೆಮ್ಮುತ್ತಿದ್ದ; ಅವರ ಕಣ್ಣು ಒಟ್ಟಿಲ ಕಡೆ ತಿರುಗುವ ತನಕ ಆ ಕೆಮ್ಮು ವಾಸಿಯಾಗುತ್ತಿರಲಿಲ್ಲ.

ಆ ಸೀಮೆಯಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಬಂದರೆ ಗಂಡನ್ನು ನೋಡುವುದು ಕೊನೆಗೆ. ಮೊದಲು ತಿಪ್ಪೆ ನೋಡುತ್ತಾರೆ, ಕೊಟ್ಟಿಗೆಯಲ್ಲಿ ದನ ಎಷ್ಟಿವೆ ಎಂದು ತಿಪ್ಪೆಯೇ ಹೇಳುತ್ತದೆ. ಆಮೇಲೆ ಹುಲ್ಲಿನ ಮೆದೆ. ಆಮೇಲೆ ಸೌದೆ ಒಟ್ಟಿಲು. ಮನೆಯ ಗಂಡಸರು ಮೈ ಬಗ್ಗಿಸುತ್ತಾರೋ ಇಲ್ಲವೋ ಎಂದು ಗೊತ್ತಾಗುವುದು ಅಲ್ಲೇ.

ಮಗ ಅರುಣ್‌ಕುಮಾರನಿಗೆ ಕಟ್ಟಾಯದ ಕಡೆಯ ಈಶ್ವರಯ್ಯನ ಮಗಳು ಮಾನಸಾಳನ್ನು ನೋಡಿ, ಒಪ್ಪಿ ಆಗಿತ್ತು. ಉಳಿದದ್ದು ಮನೆ ನೋಡುವ ಶಾಸ್ತ್ರ ಒಂದೇ. ಸಂತೆಯಲ್ಲಿ ಸಿಕ್ಕಿದ ಈಶ್ವರಯ್ಯನಿಗೆ ಚಿಕ್ಕಬೀರಯ್ಯ ಎದೆಯುಬ್ಬಿಸಿ ಹೇಳಿದ್ದ: “ತಿಪ್ಪೆ, ಮೆದೆ ಎಲ್ರ ಮನೇಲೂ ಇರ್ತವೆ. ನೀವು ಬಂದು ನಮ್ಮ ಎದೆಮಟ್ಟದ ಒಟ್ಲು ನೋಡಿ. ಆಮೇಲೆ ಬೇಕಾದ್ರೆ ಹೆಣ್ಣು ಕೊಡಿ, ಬ್ಯಾಡದಿದ್ರೆ ಬುಡಿ.” ಮುಂದಿನ ವಾರ ಬರುತ್ತೇವೆಂದು ಈಶ್ವರಯ್ಯ ಹೇಳಿದ್ದ. ಹಳೆಯದನ್ನು ಮಾರಿ, ಮುಂದಿನ ವಾರಕ್ಕೆ ಹೊಸದು ಒಟ್ಟಿದರಾಯಿತು ಎಂದುಕೊಂಡೇ ಆ ದಿನ ಬೆಳಕು ಹರಿಯುವ ಮೊದಲೇ ಹೊಳೆನರಸೀಪುರದ ಅಡುಗೆ ಕಂಟ್ರಾಕ್ಟರ್ ವರದರಾಜನ ಲಾರಿಗೆ ಎಲ್ಲವನ್ನೂ ತುಂಬಿಸಿ ಕಳಿಸಿದ್ದ. ಆಮೇಲೆ ಹೊಲದ ಕಡೆ ಸುತ್ತಾಡಿ ಬಂದು ಕಾಫಿಗೆ ಕೂತಿದ್ದ.

ಊರಿಗೆ ಇದ್ದದ್ದು ಗೌರೀಶಂಕರನ ಅಂಗಡಿಯ ಫೋನ್ ಒಂದೇ. ಅವನು ಓಡಿಬಂದ. ದಾರಿಯಲ್ಲಿ ಸಿಕ್ಕ ಪ್ರತಿಯೊಂದು ಮನೆಗೂ ಸುದ್ದಿ ಹೇಳಿಕೊಂಡೇ ಬಂದದ್ದರಿಂದ ಕೊನೆಗೆ ತಿಳಿದದ್ದು ಸುದ್ದಿಯ ಒಡೆಯನಿಗೆ.

“ಬೀರಣ್ಣ, ನಿನ್ ಬೀಗ್ರು ಫೋನ್ ಮಾಡಿದ್ರು. ಇವತ್ತು ದಿನ ಚೆನ್ನಾಗೈತಂತೆ, ಮದ್ಯಾನ್ಕೇ ಬತ್ತಾರಂತೆ.” ಹೇಳುತ್ತ ಹೇಳುತ್ತ ಅವನ ಕಣ್ಣು ಮನೆಯ ಪಕ್ಕದ ಖಾಲಿ ಜಾಗಕ್ಕೆ ಬಿತ್ತು. “ಅಯ್ಯೋ, ಒಟ್ಲೆಲ್ಲಿ ಓಯ್ತು?”

ಒಟ್ಟಿಲು ಇದ್ದ ಕಡೆ ಈಗ ಹಲ್ಲು ಕಿತ್ತ ವಸಡಿನಂತೆ ಬೋಳು ನೆಲ ಇತ್ತು. ಒಂದು ಹೇಟೆ ಕೋಳಿ ಕೆದಕುತ್ತಿತ್ತು.

ಚಿಕ್ಕಬೀರಯ್ಯ ಅಂಗಡಿಗೆ ಓಡಿ ವರದರಾಜನಿಗೆ ಫೋನ್ ಮಾಡಿದ. “ಸೌದೆ ಇಳಿಸಿದ್ದೂ ಆಯ್ತು, ಒಲೆಗಿಟ್ಟಿದ್ದೂ ಆಯ್ತಪ್ಪ,” ಎಂದ ವರದರಾಜ. “ಏನ್ ಸೌದೆನಯ್ಯ ಅದು! ಒಂಚೂರು ಹೊಗೆ ಇಲ್ಲ.”

ಅಂಥ ಹೊತ್ತಿನಲ್ಲೂ ಚಿಕ್ಕಬೀರಯ್ಯನ ಮುಖದಲ್ಲಿ ಸಣ್ಣ ನಗು ಬಂತು. ಫೋನ್ ಇಟ್ಟಮೇಲೆ ಹೋಯಿತು.

“ನಾಳೆ ಬನ್ನಿ ಅಂತ ಯೋಳ್ಬುಡಿ,” ಎಂದಳು ಹೆಂಡತಿ ಕಲ್ಲಮ್ಮ.

“ಮನೆ ನೋಡಾಕೆ ಬರೋರ್ನ ಬ್ಯಾಡ ಅಂತೀಯಾ? ಒಳಗೇನೋ ಉಳುಕೈತೆ ಅನ್ಕತಾರೆ.”

“ಮಾರ್‍ಬುಟ್ಟೆ ಅಂತ ಇದ್ದದ್ದೇ ಯೋಳಿ.”

“ಮಾರೋಕೆ ಮುಂಚೆ ಇತ್ತು ಅಂತ ಯಾರ್ ನಂಬ್ತಾರೆ? ಸಂತೇಲಿ ನಾನು ಏನ್ ಮಾತಾಡಿದೀನಿ ಗೊತ್ತಾ ನಿಂಗೆ?”

“ಗೊತ್ತಿಲ್ಲ. ಆದ್ರೆ ಎಷ್ಟು ಮಾತಾಡಿರ್ತೀರಿ ಅಂತ ಗೊತ್ತು ಕಣಿ,” ಎಂದು ಕಲ್ಲಮ್ಮ ಒಳಗೆ ಹೋದಳು.

ಎದುರುಮನೆಯ ರೇವಮ್ಮ ಅಷ್ಟರಲ್ಲಿ ಸೆರಗು ಸಿಕ್ಕಿಸಿಕೊಂಡು ಬಂದಿದ್ದಳು. ಊರಿನಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಬರುವವಳು ಅವಳು, ಕೊನೆಗೆ ಹೋಗುವವಳೂ ಅವಳೇ. “ಅಳ್ತಾ ಕೂತ್ಕಬ್ಯಾಡ ಬೀರಣ್ಣ. ಒಂದ್ ಹೊತ್ತಿಗೆ ತಾನೆ? ನಮ್ಮನೆ ಹಿತ್ಲಲ್ಲಿ ಹುಣಸೆ ಸೌದೆ ಐತೆ, ತಗೋ. ಬೀಗ್ರು ಬೆನ್ನು ತಿರುಗಿಸ್ತಿದ್ದಂಗೆ ವಾಪಸ್ ಕೊಡ್ಬೇಕು ಅಷ್ಟೆ. ಒಂದು ತುಂಡು ಕಮ್ಮಿ ಆದ್ರೂ ನಾನು ಸುಮ್ಕಿರಾಕಿಲ್ಲ.” ತನ್ನದು ತನಗೇ ಬರಲೆಂದು ಪ್ರತಿ ತುಂಡಿಗೂ ಸುಣ್ಣದ ಬೊಟ್ಟು ಇಟ್ಟು ಕೊಟ್ಟಳು.

ರೇವಮ್ಮ ಕೊಟ್ಟಮೇಲೆ ಬೇರೆಯವರು ಕೊಡದೆ ಇರುವುದು ಹೇಗೆ? ಅವಳ ಪಕ್ಕದ ಮನೆಯ ಲಕ್ಷ್ಮಿದೇವಮ್ಮ ತನ್ನ ಸೌದೆಗೆ ಕುಂಕುಮ ಹಚ್ಚಿ ಕಳಿಸಿದಳು. ಗೌರೀಶಂಕರ ಅಂಗಡಿ ಬಾಗಿಲಿಗೆ ಹೊಡೆದು ಉಳಿದಿದ್ದ ಹಸಿರು ಪೇಂಟನ್ನು ತನ್ನ ಸೌದೆಗೆ ಬಳಿದು ತಂದ. ಪೇಂಟು ಇನ್ನೂ ಒಣಗಿರಲಿಲ್ಲ. ಚಿಕ್ಕಬೀರಯ್ಯನ ಬಿಳಿ ಪಂಚೆ ಸ್ವಲ್ಪ ಹೊತ್ತಿನಲ್ಲೇ ಗಿಳಿಯ ಬಣ್ಣಕ್ಕೆ ತಿರುಗಿತು. ಬೀದಿಯ ಕೊನೆಯ ಮನೆಯವರಂತೂ ತಮ್ಮ ತುಂಡುಗಳಿಗೆ ಹಳೇ ಸೀರೆಯ ಚೂರು ಕಟ್ಟಿದ್ದರು. ಎಲ್ಲವನ್ನೂ ಸೇರಿಸಿ ನೋಡಿದರೆ ಸೌದೆ ಅಲ್ಲ, ದೀಪಾವಳಿಗೆ ಮೈತೊಳೆದು ಸಿಂಗರಿಸಿದ ದನದ ಹಿಂಡಿನ ಹಾಗೆ ಕಾಣುತ್ತಿತ್ತು.

ಚಿಕ್ಕಬೀರಯ್ಯ ಗುರುತುಗಳನ್ನು ಒಳಮುಖ ಮಾಡಿ ಒಟ್ಟತೊಡಗಿದ. ಕೈ ಕೆಲಸಕ್ಕೆ ಇಳಿದಮೇಲೆ ಹೆದರಿಕೆ ಮರೆತುಹೋಯಿತು. ಆದರೆ ಎಷ್ಟು ಒಟ್ಟಿದರೂ ಸೊಂಟದ ಮೇಲೆ ಏರಲಿಲ್ಲ. ಸಂತೆಯಲ್ಲಿ ಹೇಳಿದ್ದು ಎದೆಮಟ್ಟ. ಕಡೆಗೆ ಎಲ್ಲವನ್ನೂ ಕೆಡವಿ, ನಡುವೆ ಮುರಿದ ನೇಗಿಲು, ಬೋರಲು ಹಾಕಿದ ಕುಕ್ಕೆಗಳು, ತೆಂಗಿನ ಮಟ್ಟೆ ತುಂಬಿ, ಸುತ್ತ ಒಂದು ಪದರ ಸೌದೆ ಒಟ್ಟಿದ. ಈಗ ಎದೆಮಟ್ಟ ಬಂತು. ಹಿಂದೆ ಸರಿದು ನಿಂತು ನೋಡಿದ. ಅವನ ಕಣ್ಣಿಗೇ ಅದು ನಿಜದ್ದಕ್ಕಿಂತ ಚೆನ್ನಾಗಿ ಕಂಡಿತು.

“ಹೇಟೆ ಎಲ್ಲಿ?” ಎಂದಳು ಕಲ್ಲಮ್ಮ.

ಒಟ್ಟಿಲಿನ ಒಳಗಿನಿಂದ “ಕೊಕ್” ಎಂದು ಉತ್ತರ ಬಂತು.

ಬಿಚ್ಚಲು ಹೊತ್ತಿರಲಿಲ್ಲ. ಬೀದಿಯ ತುದಿಯಲ್ಲಿ ಟ್ರ್ಯಾಕ್ಟರ್ ಶಬ್ದ ಕೇಳಿಸಿತು. ಟ್ರೇಲರಿನಲ್ಲಿ ಜಮಖಾನ ಹಾಸಿಕೊಂಡು ಈಶ್ವರಯ್ಯ, ಅವನ ಅಕ್ಕ ಬೆಟ್ಟಮ್ಮ, ಇನ್ನಷ್ಟು ಜನ ಬಂದಿಳಿದರು. ಬೆಟ್ಟಮ್ಮ ಒಪ್ಪದೆ ಆ ಮನೆಯಲ್ಲಿ ಹಸು ಕೂಡ ಹಾಲು ಕೊಡುತ್ತಿರಲಿಲ್ಲ ಎಂಬ ಮಾತಿತ್ತು.

ತಿಪ್ಪೆ ನೋಡಿದರು. ಮೆದೆ ನೋಡಿದರು. ಒಟ್ಟಿಲ ಹತ್ತಿರ ಬಂದರೆ ಇಡೀ ಬೀದಿ ಅದರ ಸುತ್ತ ನಿಂತಿತ್ತು, ಒಬ್ಬೊಬ್ಬರೂ ತಮ್ಮ ತಮ್ಮ ಸೌದೆಯ ಮೇಲೆ ಒಂದು ಕಣ್ಣಿಟ್ಟು.

“ಏನು ಇಷ್ಟೊಂದ್ ಜನ?” ಎಂದ ಈಶ್ವರಯ್ಯ.

“ನಮ್ಮೂರೋರ್ಗೆ ನಮ್ಮ ಒಟ್ಲು ಅಂದ್ರೆ ಪ್ರಾಣ,” ಎಂದ ಚಿಕ್ಕಬೀರಯ್ಯ. ಅದು ಸುಳ್ಳಾಗಿರಲಿಲ್ಲ.

ಬೆಟ್ಟಮ್ಮ ಒಂದು ತುಂಡನ್ನು ಎಳೆದಳು. ಅದು ಯಾರದೆಂದು ಊರೆಲ್ಲ ಕತ್ತು ಚಾಚಿತು. ಇನ್ನೊಂದಕ್ಕೆ ತಾಕಿಸಿ ಬಡಿದಳು, ಕಿಣ್ ಎಂದಿತು. “ಒಣಗೈತೆ. ಇದೇನು ಸುಣ್ಣ?”

“ಗೆದ್ದಲು ಹಿಡೀಬಾರ್ದು ಅಂತ ಕಣವ್ವ.”

“ಇದಕ್ಕೆ ಕುಂಕುಮ ಐತಲ್ಲ?”

“ಶುಕ್ರವಾರ ಶುಕ್ರವಾರ ಪೂಜೆ ಮಾಡ್ತೀವಿ. ಅನ್ನ ಬೇಯಿಸೋದು ಅದೇ ಅಲ್ವಾ?”

ಬೆಟ್ಟಮ್ಮ ಆ ತುಂಡನ್ನು ಕಣ್ಣಿಗೊತ್ತಿಕೊಂಡು ಇನ್ನೊಂದನ್ನು ಎಳೆದಳು. ಬೆರಳಿಗೆ ಹಸಿರು ಅಂಟಿತು. ಬೆರಳನ್ನು ಅವನ ಮುಖದ ಮುಂದೆ ಹಿಡಿದಳು.

ಚಿಕ್ಕಬೀರಯ್ಯ ತನ್ನ ಪಂಚೆ ನೋಡಿಕೊಂಡ, ಆಕಾಶ ನೋಡಿದ. “ಅದು ಫಾರೆಸ್ಟ್ನೋರಿಗೆ. ನಮ್ ಸ್ವಂತ ಮರದ್ದು ಅಂತ ದೂರ್‍ದಿಂದ್ಲೇ ಗುರ್ತು ಸಿಗ್ಬೇಕಲ್ವಾ?”

ಆಗ ಒಟ್ಟಿಲು “ಕೊಕ್ಕೊಕ್ಕೊಕ್” ಎಂದಿತು.

“ಸೌದೆ ಮಾತಾಡ್ತದಲ್ಲೋ ಈಶ್ವರ!” ಎಂದಳು ಬೆಟ್ಟಮ್ಮ.

“ನಮ್ ಸೌದೆ ಅಷ್ಟು ಬೆಚ್ಚಗಿರ್ತದೆ,” ಎಂದ ಚಿಕ್ಕಬೀರಯ್ಯ, ತನ್ನ ನಾಲಿಗೆಗೆ ತಾನೇ ಬೆರಗಾಗಿ. “ಕಾವಿಗೆ ಕೂತ್ಕಳೋಕೆ ಕೋಳಿ ತಾನಾಗೇ ಅದ್ರೊಳಕ್ಕೆ ನುಗ್‍ತವೆ.”

ಬೆಟ್ಟಮ್ಮ ತಮ್ಮನ ಕಡೆ ತಿರುಗಿದಳು. “ಸೌದೇನೇ ಇಷ್ಟು ಚೆನ್ನಾಗಿ ನೋಡ್ಕೊಳೋ ಮನೆ ಕಣ್ಲಾ. ನಮ್ ಮಾನಸಾನ್ ನೋಡ್ಕೊಳ್ದೆ ಇರ್ತಾರಾ? ಹೆಣ್ಣು ಕೊಟ್ಬುಡು.”

ಜಗಲಿಯ ಮೇಲೆ ತಾಂಬೂಲ ಬದಲಾಯಿತು. ಚಿಕ್ಕಬೀರಯ್ಯ ನೆಲದಿಂದ ಒಂದು ಗೇಣು ಮೇಲೆ ಕೂತಂತಿದ್ದ. ಈಶ್ವರಯ್ಯ ಸಂಕೋಚದಿಂದ ಕೆಮ್ಮಿದ. “ಬೀರಯ್ನೋರೆ, ಮದ್ವೆ ನಮ್ಮೂರಲ್ಲೇ ಆಗ್ಲಿ, ಊಟದ ಜವಾಬ್ದಾರಿ ನಮ್ದೇ. ನಮ್ ಕಡೆ ಮಳೆ ಹಿಡ್ಕೊಂಡು ಸೌದೆಯೆಲ್ಲ ನೆಂದೋಗೈತೆ. ಒಲೆ ಹೂಡೋಕೆ ಒಂದೆರಡು ಹೊರೆ ಕೊಟ್ರೆ...”

“ಒಂದೆರಡು ಹೊರೆಯಾ?” ಚಿಕ್ಕಬೀರಯ್ಯನ ಎದೆ ಒಟ್ಟಿಲ ಮಟ್ಟಕ್ಕೆ ಉಬ್ಬಿತು. “ಬೀಗ್ರಾಗಿ ಹೊರೆ ಲೆಕ್ಕ ಮಾತಾಡ್ತೀರಲ್ಲ! ಇಡೀ ಒಟ್ಲೇ ತಗೊಂಡೋಗಿ!”

ಇಂಥ ಮಾತಿಗೆ ಬೀಗರಾದವರು “ಛೆ ಛೆ, ಬ್ಯಾಡಿ” ಎನ್ನಬೇಕು. ಇವರು “ಇಲ್ಲ, ತಗೊಳ್ಳೇಬೇಕು” ಎನ್ನಬೇಕು. ಅವರು ಮತ್ತೆ ಬೇಡ ಎನ್ನಬೇಕು. ಹಾಗೆ ಎರಡು ಮನೆಯ ಗೌರವವೂ ಉಳಿದು, ಸೌದೆಯೂ ಉಳಿಯುತ್ತದೆ. ಎಲ್ಲ ಕಡೆ ನಡೆದುಬಂದದ್ದು ಹೀಗೆ. ಒಳಗೆ ಕಾಫಿ ಸೋಸುತ್ತಿದ್ದ ಕಲ್ಲಮ್ಮನ ಕೈ ನಿಂತಿತು.

“ನಿಮ್ ಮನಸ್ಸು ದೊಡ್ದು,” ಎಂದು ಈಶ್ವರಯ್ಯ ಎದ್ದು ನಿಂತ. “ಟ್ರೇಲರ್ ಹೆಂಗೂ ಐತೆ, ನಾವು ಸೌದೆ ಮೇಲೇ ಕೂತ್ಕಂಡು ಓಯ್ತೀವಿ. ಏ, ಜಮಖಾನ ಎತ್ರಪ್ಪ.”

ಈಶ್ವರಯ್ಯನ ಕಡೆಯವರು ತೋಳು ಮಡಿಸಿಕೊಂಡು ಒಟ್ಟಿಲ ಕಡೆ ನಡೆದರು. ಒಂದು ಪದರ ತೆಗೆದರೆ ಮುರಿದ ನೇಗಿಲು ಕಾಣುತ್ತದೆ. ರೇವಮ್ಮ ಚಿಕ್ಕಬೀರಯ್ಯನ ಮುಖ ನೋಡಿದಳು. ಆ ಮುಖ ಮಳೆಗೆ ಸಿಕ್ಕಿದ ಸಗಣಿ ಬೆರಣಿಯಂತೆ ಕರಗುತ್ತಿತ್ತು. ಅವಳು ಎರಡೂ ಕೈ ಅಗಲಿಸಿ ಅಡ್ಡ ನಿಂತಳು. “ನೆಂಟ್ರು ಸೌದೆ ಹೊರಬಾರ್ದು! ನಮ್ಮೂರ್ ಮರ್ವಾದೆ ಏನಾಗ್ಬೇಕು? ನೀವ್ ಕಾಫಿ ಕುಡೀರಿ, ನಾವ್ ತುಂಬ್ತೀವಿ!”

ಊರಿನ ಮಾನದ ಮಾತು ಬಂದಮೇಲೆ ಯಾರೂ ಹಿಂದೆ ನಿಲ್ಲುವಂತಿರಲಿಲ್ಲ. ಎಲ್ಲರೂ ಕೈ ಹಾಕಿದರು, ತಮ್ಮದು ಬಿಟ್ಟು ಬೇರೆಯವರದಕ್ಕೆ. ಗೌರೀಶಂಕರ ಸುಣ್ಣದ ತುಂಡುಗಳನ್ನೇ ಹುಡುಕಿ ಹುಡುಕಿ ಹೊತ್ತ. ಲಕ್ಷ್ಮಿದೇವಮ್ಮ ಹಸಿರನ್ನು ಹೊತ್ತಳು. ರೇವಮ್ಮ ಕುಂಕುಮದ್ದನ್ನು ಎತ್ತುವಾಗ ನೆರೆಮನೆಯ ಮೇಲಿದ್ದ ಪ್ರೀತಿ ಉಕ್ಕಿಬಂದವಳಂತೆ ಎರಡೆರಡು ಒಟ್ಟಿಗೆ ಎತ್ತಿದಳು. ಹೀಗೆ ಒಬ್ಬರದನ್ನು ಒಬ್ಬರು ಸಾಗಿಸಿ, ಸ್ವಲ್ಪ ಹೊತ್ತಿನಲ್ಲಿ ಎಲ್ಲರದೂ ಟ್ರೇಲರಿನಲ್ಲಿತ್ತು.

ಬಯಲಾದ ಜಾಗದಲ್ಲಿ ಕುಕ್ಕೆ, ಮಟ್ಟೆ, ನೇಗಿಲು, ಅವುಗಳ ನಡುವೆ ಮೈಯೆಲ್ಲ ಧೂಳಾದ ಹೇಟೆ. ಕಾಫಿ ಮುಗಿಸಿ ಬಂದ ಈಶ್ವರಯ್ಯ ಅದನ್ನೆಲ್ಲ ಬಗ್ಗಿ ನೋಡಿದ. “ಇದೇನಿದು, ನಡುವೆ?”

“ಗಾಳಿ ಆಡೋಕೆ,” ಎಂದ ಚಿಕ್ಕಬೀರಯ್ಯ ಕ್ಷೀಣ ದನಿಯಲ್ಲಿ. “ಒಳಗೆ ಟೊಳ್ಳು ಬಿಟ್ರೆ ಬೇಗ ಒಣಗ್ತದೆ.”

“ನಮಗಿದು ಗೊತ್ತೇ ಇರ್ಲಿಲ್ಲ ನೋಡಿ,” ಎಂದ ಈಶ್ವರಯ್ಯ, ಭಕ್ತಿಯಿಂದ. ಟ್ರ್ಯಾಕ್ಟರ್ ಹತ್ತಿ ಕೂತವನು ಮತ್ತೆ ಈ ಕಡೆ ತಿರುಗಿದ. “ಬೀಗ್ರೇ, ನಮ್ ಅಣ್ಣತಮ್ಮಂದ್ರು ಇವತ್ತು ಬರೋಕಾಗ್ಲಿಲ್ಲ. ನಾನು ಓಗಿ ನಿಮ್ ಒಟ್ಲಿನ ಸಮಾಚಾರ ಯೋಳಿದ್ರೆ ಅವ್ರು ಸುಮ್ಕಿರಾಕಿಲ್ಲ. ನಾಳೇನೆ ಎಲ್ರೂ ಹೊರಡ್ತಾರೆ. ಅವ್ರು ಬರೋ ಹೊತ್ಗೆ ಇನ್ನೊಂದು ಒಟ್ಲು ಇಷ್ಟೇ ಎತ್ತರ ಆಗ್ತದಾ?”

ಆಗುವುದಿಲ್ಲ ಎನ್ನಲು ಚಿಕ್ಕಬೀರಯ್ಯ ಬಾಯಿ ತೆರೆದ. ಕಲ್ಲಮ್ಮ ಬಾಗಿಲಲ್ಲಿ ನಿಂತು ಬೇಡ, ಬೇಡ ಎಂದು ತಲೆಯಾಡಿಸಿದಳು. ಆದರೆ ಟ್ರೇಲರಿನ ಮೇಲೆ ಅಷ್ಟು ಸೌದೆ, ಸುತ್ತ ಅಷ್ಟು ಜನ, ತುದಿಯಲ್ಲಿ ಕುಳಿತು ಮೆಚ್ಚಿ ನೋಡುತ್ತಿದ್ದ ಬೆಟ್ಟಮ್ಮ.

“ಇಷ್ಟೇಯಾ?” ಎಂದ ಚಿಕ್ಕಬೀರಯ್ಯ, ಹಸಿರು ಪಂಚೆಯ ಮೇಲೆ ಕೈಯಿಟ್ಟು. “ಇದ್ರ ಎರಡಷ್ಟು ಇರ್ತದೆ, ಕಳ್ಸಿ!”

ಟ್ರ್ಯಾಕ್ಟರ್ ಹೊರಟಿತು. ಅದರ ಸದ್ದು ದೂರವಾಗುತ್ತಿದ್ದಂತೆ ಬೀದಿಯ ಉದ್ದಕ್ಕೂ ಇನ್ನೊಂದು ಸದ್ದು ಕೇಳಿಸಿತು. ಒಂದೊಂದೇ ಮನೆಯ ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತಿತ್ತು.