ಠಾಣಾ ಫೋಟೊದಲ್ಲಿ ಕೈ ಮುಚ್ಚುವ ಕುರಿತು

ಸಂಖ್ಯೆ: ಮುಚಿದಾ/ಆಡು/17/2024-25
ವಿಜಯಪುರ, ದಿನಾಂಕ: (ಮುದ್ರೆ ಮೂಡಿಲ್ಲ)

ಸುತ್ತೋಲೆ

ವಿಷಯ: ಬಂಧಿತರ ಠಾಣಾ ಫೋಟೊಗಳನ್ನು ಮಾಹಿತಿ ಹಕ್ಕು ಅಧಿನಿಯಮದಡಿ ಸಾರ್ವಜನಿಕರಿಗೆ ನೀಡುವ ಬಗ್ಗೆ.

ಉಲ್ಲೇಖ: 1) ಕುಮಾರಿ ಭಾಗ್ಯಾ, ಕಳ್ಳಕವಟಗಿ, ಇವರ ಅರ್ಜಿ. 2) ಆಡಿನ ಪರವಾಗಿ ಯಲಗೂರಪ್ಪ, ಬಿಜ್ಜರಗಿ, ಇವರ ಅಭಿಪ್ರಾಯ. 3) ಕುಮಾರಿ ಭಾಗ್ಯಾ ಇವರ ಎರಡನೇ ಪತ್ರ.

ಪ್ರಸ್ತಾವನೆ:

ಬಿಜ್ಜರಗಿಯ ಸುಭಾಷ ಎಂಬವರು ಎರಡು ವರ್ಷಗಳ ಹಿಂದೆ, ತಮ್ಮ ದ್ರಾಕ್ಷಿ ತೋಟಕ್ಕೆ ನುಗ್ಗಿದ ಯಲಗೂರಪ್ಪನವರ ಆಡನ್ನು ಹಿಡಿದು ಮನೆಯಲ್ಲಿ ಕಟ್ಟಿದ್ದರು. ಯಲಗೂರಪ್ಪನವರು ಆಡು ಕಳುವಾಗಿದೆ ಎಂದು ದೂರಿದ ಮೇರೆಗೆ ಸುಭಾಷ ಅವರನ್ನು ಬಂಧಿಸಿ, ಆರೋಪಿ ಮತ್ತು ಜಪ್ತಿ ಮಾಡಿದ ಆಡು ಎರಡನ್ನೂ ಒಂದೇ ಫೋಟೊದಲ್ಲಿ ಮುಗಿಸಲಾಗಿತ್ತು. ಆಡಿನ ಕಣ್ಣುಗಳಿಗೆ ಬಾಹ್ಯ ವಸ್ತುವೊಂದು ಅಡ್ಡ ಬಂದಿದ್ದು, ಫೋಟೊ ದೋಷಪೂರಿತವೆಂದು ಅಂದೇ ಷರಾ ಬರೆಯಲಾಗಿದೆ. ಮರುದಿನ ಪ್ರಕರಣ ರಾಜಿಯಾಗಿದೆ.

ಈಗ ಸುಭಾಷ ಅವರೊಂದಿಗೆ ಮದುವೆಯ ಮಾತುಕತೆ ನಡೆದಿರುವ ಕುಮಾರಿ ಭಾಗ್ಯಾ ಸದರಿ ಫೋಟೊ ಕೋರಿದ್ದಾರೆ. ಅರ್ಜಿಯ ಒಕ್ಕಣೆ ಹೀಗಿದೆ: "ಟಿಕೋಟಾದ ಸ್ಟುಡಿಯೋದಾಗ ತಗಸಿದ ಫೋಟೊದಾಗ ಎಲ್ಲಾರೂ ಒಳ್ಳೇವ್ರ ಕಾಣಸ್ತಾರ್ರಿ. ಪೊಲೀಸ್ರು ಹಿಡದಾಗ ಹೆಂಗ ನಿಂತಿದ್ದಾ ಅಂತ ನೋಡಬೇಕು. ನೋಡಿದ ಮ್ಯಾಲ ಹೂಂ ಅಂತೇನಿ, ಇಲ್ಲಾ ಒಲ್ಲೆ ಅಂತೇನಿ."

ಅರ್ಜಿದಾರರ ತಾಯಿ ಹೊಳೆವ್ವ ಇವರು ಕಚೇರಿಯ ಕಿಟಕಿಗೆ ಬಂದು, "ಲಗೂನ ಕೊಡ್ರಿ ಯಪ್ಪಾ, ಗಂಡಿನ ಕಡಿಯವ್ರು ಬಬಲೇಶ್ವರದಾಗ ಇನ್ನೊಂದ ಹೆಣ್ಣ ನೋಡಾಕ ಹೊಂಟಾರ" ಎಂದು ಮೌಖಿಕವಾಗಿ ಕೋರಿದ್ದಾರೆ. ಕಾನೂನು ಮೂವತ್ತು ದಿನ ನೀಡಿರುವುದರಿಂದ ಮೂವತ್ತನ್ನೂ ಬಳಸಲಾಗಿದೆ.

ಈ ಹಿನ್ನೆಲೆಯಲ್ಲಿ ಸರ್ವರಿಗೂ ಈ ಮೂಲಕ ಸೂಚಿಸಲಾಗಿದೆ:

1. ಮುಖವು ವೈಯಕ್ತಿಕ ಮಾಹಿತಿಯಾದ್ದರಿಂದ ಅದನ್ನು ಕಪ್ಪು ಶಾಯಿಯಿಂದ ಮುಚ್ಚಿ ಉಳಿದ ಭಾಗವನ್ನು ನೀಡತಕ್ಕದ್ದು. ಸದರಿ ಪ್ರಕರಣದಲ್ಲಿ ಉಳಿದದ್ದು: ಆರೋಪಿಯ ಹೆಸರು ಬರೆದ ಸ್ಲೇಟು, ಅಂಗಿ, ಆಡು.

2. ಆಡು ಮೂರನೇ ವ್ಯಕ್ತಿಯಾಗುತ್ತದೆ. ಅದರ ಒಪ್ಪಿಗೆಯನ್ನು ಮಾಲೀಕರ ಮೂಲಕ ಪಡೆಯತಕ್ಕದ್ದು. ಯಲಗೂರಪ್ಪನವರ ಅಭಿಪ್ರಾಯವನ್ನು ಮಾದರಿಯಾಗಿ ನೀಡಲಾಗಿದೆ: "ನಮ್ಮ ಆಡಿನ ಮಾರಿ ಊರಿಗೆಲ್ಲಾ ಗೊತ್ತೈತ್ರಿ. ಮುಚ್ಚೂದ ಇದ್ರ ಅಂವಂದ ಮುಚ್ಚ್ರಿ."

3. ಬಂಧಿತರು ಫೋಟೊದಲ್ಲಿ ನಗತಕ್ಕದ್ದಲ್ಲ, ಅಳತಕ್ಕದ್ದೂ ಅಲ್ಲ. ಅಂಥ ಮುಖಗಳಿಗೆ ಶಾಯಿ ಹೆಚ್ಚು ಬೇಕಾಗುತ್ತಿದೆ.

4. ಆಡಿನೊಂದಿಗೆ ಫೋಟೊ ಅನಿವಾರ್ಯವಾದಲ್ಲಿ, ಆಡು ಮೆಲುಕು ಹಾಕುವುದನ್ನು ನಿಲ್ಲಿಸುವವರೆಗೆ ಸಿಬ್ಬಂದಿಯು ಕಾಯತಕ್ಕದ್ದು. ಕಾದ ಅವಧಿಯನ್ನು ಕರ್ತವ್ಯವೆಂದು ಪರಿಗಣಿಸಲಾಗುವುದು.

5. ವಧುವಿನ ಕಡೆಯವರು ಠಾಣಾ ಫೋಟೊ ಕೇಳುತ್ತಾರೆಂಬ ಸುದ್ದಿ ಹಬ್ಬಿ, ಅವಿವಾಹಿತ ಯುವಕರು ಬಂಧನ ಕೋರಿ ಬರುತ್ತಿದ್ದಾರೆ. ಕೇವಲ ಫೋಟೊಗಾಗಿ ಯಾರನ್ನೂ ಬಂಧಿಸತಕ್ಕದ್ದಲ್ಲ. ತಲೆ ಬಾಚಿಕೊಂಡು ಬಂದವರನ್ನು ಬಾಗಿಲಲ್ಲೇ ತಡೆಯತಕ್ಕದ್ದು.

6. ಮುಖ ಮುಚ್ಚಿದ ಫೋಟೊ ತಲುಪಿದ ಮರುದಿನ ಕುಮಾರಿ ಭಾಗ್ಯಾ ಬರೆದಿರುವ ಪತ್ರವನ್ನು ಇಲಾಖೆಯು ಗಂಭೀರವಾಗಿ ಪರಿಗಣಿಸಿದೆ: "ಮಾರಿ ಮುಚ್ಚೀರಿ, ಕೈ ಮುಚ್ಚೂದ ಮರತೀರ್ರಿ. ಎಡಗೈಯಾಗ ಸ್ಲೇಟ ಹಿಡದಾನ. ಬಲಗೈ ಆಡಿನ ಕಣ್ಣಿಗೆ ಅಡ್ಡ ಹಿಡದಾನ, ಕ್ಯಾಮೆರಾದ ಬೆಳಕ ಬಡೀಬಾರ್ದಂತ. ತನ್ನ ಮ್ಯಾಲ ಕೇಸ ತಂದ ಆಡ ಅದು. ಇನ್ನ ಮಾರಿ ತೋರಸೂದ ಬ್ಯಾಡ್ರಿ. ಅವ್ವಗ ಹೂಂ ಅಂದೇನಿ."

7. ಮುಖ ಮುಚ್ಚಿದರೂ ಮನುಷ್ಯನ ಸ್ವಭಾವ ಸೋರಿಕೆಯಾಗುತ್ತಿರುವುದು ಇದರಿಂದ ದೃಢಪಟ್ಟಿದೆ. ಆದ್ದರಿಂದ ಇನ್ನು ಮುಂದೆ ಎರಡೂ ಕೈಗಳನ್ನು ಮೊಣಕೈವರೆಗೆ ಶಾಯಿಯಿಂದ ಮುಚ್ಚತಕ್ಕದ್ದು.

ಸಹಿ/-
ಅಧೀಕ್ಷಕರು,
ಮುಖಚಿತ್ರ ದಾಖಲೆ ಶಾಖೆ

ಪ್ರತಿಗಳು:
1. ಎಲ್ಲ ಠಾಣೆಗಳಿಗೆ, ಶಾಯಿ ಬಾಟಲಿ ಸಹಿತ.
2. ಯಲಗೂರಪ್ಪನವರಿಗೆ, ಆಡಿಗೆ ಓದಿ ಹೇಳಿ ಸ್ವೀಕೃತಿ ಪಡೆಯಲು.
3. ಸುಭಾಷ ಅವರಿಗೆ, ಕೈ ಮುಚ್ಚಿದ ಹೊಸ ಪ್ರತಿಯೊಂದಿಗೆ.
4. ಕುಮಾರಿ ಭಾಗ್ಯಾ ಅವರಿಗೆ: ಮದುವೆ ಕಾರ್ಡು ಸ್ವೀಕೃತವಾಗಿದೆ. ಮದುವೆ ಇನ್ನು ಹನ್ನೆರಡು ದಿನಗಳಲ್ಲಿ ನಡೆಯಲಿರುವುದನ್ನು ಗಮನಿಸಲಾಗಿದೆ. ಸಿಬ್ಬಂದಿ ಊಟಕ್ಕೆ ಬರುವ ಬಗ್ಗೆ ಮೂವತ್ತು ದಿನಗಳೊಳಗೆ ತಿಳಿಸಲಾಗುವುದು.