ಕಂಬದ ಹಿಂದಿನ ಅಭಿಪ್ರಾಯ

ಈ ದೇಶದಲ್ಲಿ ಪ್ರತಿಯೊಬ್ಬನಿಗೂ ಅಭಿಪ್ರಾಯ ಹೇಳುವ ಹಕ್ಕಿದೆಯಂತೆ. ಹಾಗೆಂದು ಬರೆದಿಟ್ಟ ದೊಡ್ಡವರು ಯಾರೂ ರಾತ್ರಿ ಎಂಟು ಗಂಟೆಗೆ ಚಿಂತಾಮಣಿಯ ನಮ್ಮ ಮನೆಗೆ ಬಂದು ನೋಡಿದವರಲ್ಲ. ಆ ಹೊತ್ತಿಗೆ ನಮ್ಮ ನಡುಮನೆಯಲ್ಲಿ ‘ಹೊಸಿಲ ಮೇಲಿನ ಹಣತೆ’ ಎಂಬ ಸೀರಿಯಲ್ ನಡೆಯುತ್ತದೆ. ಆಗ ಅಭಿಪ್ರಾಯ ಹೇಳುವ ಹಕ್ಕಿರುವುದು ಇಬ್ಬರಿಗೆ ಮಾತ್ರ. ಒಬ್ಬಳು ನನ್ನ ಹೆಂಡತಿ ಶ್ಯಾಮಲಮ್ಮ, ಇನ್ನೊಬ್ಬಳು ಪಕ್ಕದ ಮನೆಯ ಅಜೀಜಾ. ನನಗಿರುವುದು ಉಸಿರಾಡುವ ಹಕ್ಕು. ಅದೂ ಸದ್ದಿಲ್ಲದೆ.

ಟಿವಿಯ ಮುಂದೆ, ಫ್ಯಾನಿನ ನೇರಕ್ಕೆ, ಒಂದು ಸೋಫಾ ಇದೆ. ಅದು ಅವರಿಬ್ಬರದು. ನನ್ನದು ಕಂಬದ ಹಿಂದಿನ ಸ್ಟೂಲು. ನನ್ನ ಹೆಸರು ನರಸಿಂಹಪ್ಪ. ಪುರಾಣದ ನರಸಿಂಹ ಕಂಬ ಸೀಳಿಕೊಂಡು ಹೊರಗೆ ಬಂದ. ಈ ನರಸಿಂಹಪ್ಪ ಕಂಬದ ಹಿಂದೆ ಸೇರಿಕೊಂಡಿದ್ದಾನೆ. ಅಲ್ಲಿಂದ ಟಿವಿಯ ಅರ್ಧ ಮಾತ್ರ ಕಾಣುತ್ತದೆ. ನಾಯಕಿ ಚಂದನಾ ಆ ಕಡೆ ನಿಂತು ಅತ್ತರೆ ಕಣ್ಣೀರನ್ನು ನಾನೇ ಊಹಿಸಿಕೊಳ್ಳಬೇಕು.

ನಾನು ಮಾಡಿದ ಅಪರಾಧ ಇಷ್ಟೇ. ಚಂದನಾಗೆ ಎರಡನೇ ಸಲ ನೆನಪು ಹೋದ ದಿನ, ಸೋಫಾದಲ್ಲಿ ಕೂತಿದ್ದ ನಾನು, “ಮೊದಲ್ನೇ ಸಲ ಹೋಗಿದ್ದೇ ಇನ್ನೂ ಪೂರ್ತಿ ವಾಪಸ್ ಬಂದಿರ್ಲಿಲ್ವಲ್ಲೇ!” ಎಂದುಬಿಟ್ಟೆ.

“ರೀ, ನೋಡೋಕೆ ಬಿಡ್ತೀರೋ ಇಲ್ವೋ?” ಶ್ಯಾಮಲಾ ಗುಡುಗಿದಳು. “ಗೊಬ್ಬರದ ಅಂಗಡಿ ಇಟ್ಕೊಂಡಿರೋರಿಗೆ ಕತೆ ಎಲ್ಲಿಂದ ಅರ್ಥ ಆಗ್ಬೇಕು? ಹೋಗಿ ಅಲ್ಲಿ ಕೂತ್ಕೊಳ್ಳಿ.”

ಅಂದಿನಿಂದ ನನ್ನ ರಕ್ತ ಕುದಿಯುತ್ತಲೇ ಇತ್ತು. ಸುತ್ತಲಿನ ಹಳ್ಳಿಗಳ ರೈತರು ಮುರುಟಿದ ಟೊಮ್ಯಾಟೊ ಎಲೆ ಹಿಡಿದು ಬಂದು, “ಏನ್ ಹೊಡ್ಯಣ ಅಣ್ಣಾ?” ಎಂದು ಕೇಳಿ, ನಾನು ಹೇಳಿದ್ದನ್ನು ವೇದವಾಕ್ಯವೆಂದು ಒಪ್ಪಿಕೊಂಡು ಹೋಗುತ್ತಾರೆ. ಇಂಥ ನನ್ನ ಮಾತಿಗೆ ನನ್ನದೇ ಮನೆಯಲ್ಲಿ ಒಂದು ಜಾಹೀರಾತಿನಷ್ಟೂ ಬೆಲೆಯಿಲ್ಲ. (ಜಾಹೀರಾತು ಬಂದಾಗಲಾದರೂ ಅವರು ಅಡುಗೆಮನೆಗೆ ಎದ್ದು ಹೋಗುತ್ತಾರೆ. ನಾನು ಮಾತಾಡಿದರೆ ಅದೂ ಇಲ್ಲ.) ಸೋಫಾ ವಾಪಸ್ ಪಡೆಯದೆ ಸಾಯುವುದಿಲ್ಲ ಎಂದು ಶಪಥ ಮಾಡಿದೆ.

ದೇವರು ದಾರಿ ತೋರಿಸಿದ್ದು ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ನೊಣ ಬಿಟ್ಟರೆ ಬೇರೆ ಗಿರಾಕಿಯಿಲ್ಲದಾಗ. ಗೌರಿಬಿದನೂರಿಗೆ ಕೊಟ್ಟಿರುವ ನಮ್ಮ ಮಗಳು ಯಾಮಿನಿ ದಸರಾಕ್ಕೆ ಬಂದಾಗ ನನ್ನ ಫೋನಿಗೆ ಅದೇನೋ ಆ್ಯಪ್ ಹಾಕಿಕೊಟ್ಟಿದ್ದಳು, “ನ್ಯೂಸ್ ನೋಡಪ್ಪ” ಎಂದು. ನ್ಯೂಸ್ ಹುಡುಕುತ್ತ ಎಲ್ಲೋ ಒತ್ತಿದೆ, ಒಂದು ತೆಲುಗು ಸೀರಿಯಲ್‌ನ ಹಳೆಯ ಕಂತು ಶುರುವಾಯಿತು. ನೋಡಿದರೆ ಅದೇ ಉಯ್ಯಾಲೆ, ಅದೇ ಮೆಟ್ಟಿಲು, ಅದೇ ಎರಡನೇ ಸಲ ಹೋದ ನೆನಪು! ಚಂದನಾ ಬದಲು ವೆನ್ನೆಲ ಎಂಬವಳು ಅಳುತ್ತಿದ್ದಳು, ಅಷ್ಟೇ ವ್ಯತ್ಯಾಸ. ನಮ್ಮ ‘ಹಣತೆ’ಗೆ ಎಣ್ಣೆ ಬರುತ್ತಿದ್ದುದು ಆ ಕಡೆಯಿಂದ. ಅಷ್ಟೇ ಅಲ್ಲ, ತೆಲುಗಿನ ಕತೆ ಕನ್ನಡಕ್ಕಿಂತ ಒಂದು ವರ್ಷ ಮುಂದಿತ್ತು.

ನಮ್ಮ ಸೀಮೆಯವರಿಗೆ ತೆಲುಗು ಕಲಿಯಬೇಕಾದ ಭಾಷೆಯಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳದಲ್ಲಿ ಎರಡೂ. ದಿನಾ ಮಧ್ಯಾಹ್ನ ಯೂರಿಯಾ ಮೂಟೆಗೆ ಒರಗಿಕೊಂಡು ನಾನು ಭವಿಷ್ಯವನ್ನು ನೋಡತೊಡಗಿದೆ.

ಮೊದಲ ಬಾಣ ಕಂಬದ ಹಿಂದಿನಿಂದಲೇ ಬಿಟ್ಟೆ. “ಆ ಡಾಕ್ಟರು ಡಾಕ್ಟರಲ್ಲ.”

ಶ್ಯಾಮಲಾ ದುರುಗುಟ್ಟಿ ನೋಡಿದಳು. ಆ ವಾರವೇ ಡಾಕ್ಟರು ಗಡ್ಡ ಕಿತ್ತೆಸೆದ.

“ಅಲ್ಲಾ! ಅಣ್ಣ ಹೆಂಗೆ ಹೇಳ್ಬಿಟ್ರು ನೋಡಕ್ಕಾ!” ಎಂದು ಅಜೀಜಾ ಬಾಯಿಗೆ ಸೆರಗು ಹಿಡಿದಳು.

ಆಮೇಲೆ ಸತ್ತುಹೋದ ಮಗು ಆಶ್ರಮದಲ್ಲಿ ಬದುಕಿದೆ ಎಂದೆ. ಬದುಕಿತ್ತು. ಮನೆ ಪತ್ರ ಉಪ್ಪಿನಕಾಯಿ ಜಾಡಿಯಲ್ಲಿದೆ ಎಂದೆ. ಇತ್ತು. ಅಜೀಜಾ ತಾನೇ ಸ್ಟೂಲನ್ನು ಕಂಬದಿಂದ ಈಚೆಗೆ ಎಳೆದಳು. ಕೆಲವೇ ದಿನಗಳಲ್ಲಿ ಸೋಫಾದ ಮೂಲೆಯೂ ತೆರವಾಯಿತು, ಕೈಗೆ ಕಾಫಿಯೂ ಬಂತು. ಅಜೀಜಾಳ ಗಂಡ ದಸ್ತಗಿರ್ ರೇಷ್ಮೆಗೂಡಿನ ವ್ಯಾಪಾರಿ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರಟವನು ಬೈಕು ನಿಲ್ಲಿಸಿ, “ಅಣ್ಣಾ, ಇವತ್ತು ಗೂಡಿನ ರೇಟೂ ಹೇಳ್ಬಿಡಿ” ಎಂದ. ನನ್ನ ವಿದ್ಯೆ ಸೀರಿಯಲ್‌ಗೆ ಮಾತ್ರ ಎಂದು ವಿನಯದಿಂದ ಹೇಳಿದೆ.

“ನಿಮಗೆ ಇದೆಲ್ಲ ಹೆಂಗೆ ಗೊತ್ತಾಗುತ್ತೆ ಅಣ್ಣಾ?” ಅಜೀಜಾ ಒಂದು ದಿನ ಕೇಳಿಯೇಬಿಟ್ಟಳು.

“ಮುಖ ನೋಡಿದ್ರೆ ಗೊತ್ತಾಗುತ್ತೆ ಕಣಮ್ಮ. ಅದೆಲ್ಲ ಅನುಭವ,” ಎಂದೆ. (ಸುಳ್ಳೇನಲ್ಲ. ಮುಖ ನೋಡಿಯೇ ಹೇಳುತ್ತಿದ್ದೆ. ತೆಲುಗಿನವರ ಮುಖ.)

ಶ್ಯಾಮಲಾ ಮಾತ್ರ ಏನೂ ಅನ್ನಲಿಲ್ಲ. ಕೆಲವು ದಿನಗಳಿಂದ ಅವಳು ತುಂಬ ಮೌನವಾಗಿದ್ದಳು. ಅದು ಗೌರವ ಎಂದು ನಾನು ತಿಳಿದುಕೊಂಡೆ.

ಅಷ್ಟರಲ್ಲಿ ಕತೆಗೆ ಮಹಾಪ್ರಶ್ನೆಯೊಂದು ಬಂತು. ತುಳಸಿ ಪೂಜೆಯ ಪಾಯಸಕ್ಕೆ ವಿಷ ಹಾಕಿದವರು ಯಾರು? ತೆಲುಗಿನಲ್ಲಿ ಹಾಕಿದ್ದು ನಾಯಕಿಯ ಭಾವ, ಹಣೆ ತುಂಬ ವಿಭೂತಿ ಬಳಿದುಕೊಂಡಿರುವ ಪರಮ ಸಾತ್ವಿಕ. ಅಲ್ಲಿ ಅವನು ಶೇಖರ್‌ಬಾಬು, ಇಲ್ಲಿ ವಿಶ್ವನಾಥ.

“ವಿಶ್ವನಾಥ,” ಎಂದೆ ಕಾಫಿ ಹೀರುತ್ತಾ.

“ಅಲ್ಲ. ಸೋದರತ್ತೆ,” ಎಂದಳು ಶ್ಯಾಮಲಾ, ಮೊರದಲ್ಲಿದ್ದ ಅವರೆಕಾಯಿಯಿಂದ ತಲೆಯೆತ್ತದೆ.

“ನಿನಗೇನೇ ಗೊತ್ತು? ವಿಶ್ವನಾಥನೇ.”

“ಪಂದ್ಯ?”

“ಪಂದ್ಯ!”

“ನಾನು ಸೋತ್ರೆ ಸೋಫಾ ಪೂರ್ತಿ ನಿಮ್ದು. ಸೀರಿಯಲ್ ಮಧ್ಯೆ ನೀವೇನ್ ಮಾತಾಡಿದ್ರೂ ಜನ್ಮದಲ್ಲಿ ತುಟಿ ಬಿಚ್ಚಲ್ಲ. ನೀವು ಸೋತ್ರೆ ಅವರೆಕಾಯಿ ಕಾಲ ಮುಗ್ಯೋವರ್ಗೂ ದಿನಾ ಎಂಟು ಗಂಟೆಗೆ ಅಡುಗೆಮನೇಲಿ ಕೂತು ಕಾಳು ಹಿತುಕ್ಬೇಕು. ಅಜೀಜಾ, ನೀನೇ ಸಾಕ್ಷಿ.”

ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಬೆರಳಲ್ಲಿ ಹಿಸುಕಿ ಸಿಪ್ಪೆಯಿಂದ ಬೇಳೆ ಹಾರಿಸುವ ಆ ಕೆಲಸ ಎಂಥದ್ದೆಂದು ನಮ್ಮ ಕಡೆಯ ಹೆಬ್ಬೆರಳುಗಳಿಗೆ ಗೊತ್ತು. ಆದರೂ ನಾನು ಸೋಲುವ ಪ್ರಶ್ನೆ ಎಲ್ಲಿತ್ತು? “ಹಿತಕಿದಬೇಳೆ ಸಾರು ಮಾಡಿಟ್ಟಿರು, ಗೆದ್ದು ಉಣ್ತೀನಿ,” ಎಂದು ಸೋಫಾದಲ್ಲಿ ಕಾಲು ಮಡಚಿ ಕೂತೆ.

ಎಂಟು ಹೊಡೆಯಿತು. ತೆರೆಯ ಮೇಲೆ ಪಾಯಸದ ಪಾತ್ರೆ. ವಿಷದ ಶೀಸೆ ಹಿಡಿದ ಒಂದು ಕೈ. ಕೈಯಲ್ಲಿ ಬಳೆ.

“ಗಂಡಸರೂ ಕಡಗ ಹಾಕ್ತಾರೆ,” ಎಂದೆ.

ಕ್ಯಾಮೆರಾ ಮೊಣಕೈ ಹತ್ತಿತು, ಭುಜ ಹತ್ತಿತು. ಜರಿ ರವಿಕೆ ಕಂಡಿತು. ಮೂರು ದಿಕ್ಕಿನಿಂದ ಮೂರು ಸಲ ಸಿಡಿಲು ಹೊಡೆದು ಸೋದರತ್ತೆಯ ಮುಖ ಬೆಳಗಿತು.

“ತಪ್ಪು!” ನಾನು ಎದ್ದು ನಿಂತೆ. “ಇದು ತಪ್ಪು! ವಿಷ ಹಾಕಿದ್ದು ಶೇಖರ್‌ಬಾಬು!”

“ಶೇಖರ್‌ಬಾಬು ಯಾರು ಅಣ್ಣಾ?” ಅಜೀಜಾ ಕಣ್ಣರಳಿಸಿದಳು. “ನಮ್ಮ ಸೀರಿಯಲ್ನಲ್ಲಿ ಅಂಥೋರು ಯಾರೂ ಇಲ್ವಲ್ಲ?”

ನಾನು ಮೆಲ್ಲಗೆ ಕೂತುಕೊಂಡೆ. ಅಷ್ಟು ದಿನ ಮೆಟ್ಟಿಲು, ಉಯ್ಯಾಲೆ, ಕಣ್ಣೀರು ಸಹಿತ ನಕಲು ಮಾಡಿದವರಿಗೆ ಸ್ವಂತ ಬುದ್ಧಿ ಉಪಯೋಗಿಸಲು ಇದೇ ದಿನ ಬೇಕಾಗಿತ್ತೆ? ಕನ್ನಡದ ಸ್ವಾಭಿಮಾನವನ್ನು ನನ್ನ ಮೇಲೆಯೇ ತೀರಿಸಿಕೊಳ್ಳಬೇಕಾಗಿತ್ತೆ?

ಮರುದಿನದಿಂದ ಅಡುಗೆಮನೆಯಲ್ಲಿ ಬೋಗುಣಿಯ ಮುಂದೆ ಕೂತೆ. ಕಂಬದ ಹಿಂದಿನಿಂದ ಅರ್ಧ ಟಿವಿಯಾದರೂ ಕಾಣುತ್ತಿತ್ತು. ಇಲ್ಲಿ ಬರೀ ಸದ್ದು. ಆದರೆ ಸೋತೆನೆಂದು ಬಾಯಿ ಮುಚ್ಚಿಕೊಳ್ಳುವ ಗಂಡಸು ನಾನಲ್ಲ. ಪಂದ್ಯ ಕೈಗೆ ಇತ್ತೇ ಹೊರತು ನಾಲಿಗೆಗೆ ಇರಲಿಲ್ಲ. “ಸೋಲು ಬೇರೆ, ತಪ್ಪು ಬೇರೆ!” ಎಂದು ಅಲ್ಲಿಂದಲೇ ಕೂಗಿದೆ. “ಕತೆ ಕೆಡಿಸಿದಾರೆ ಕಣೇ! ವಿಭೂತಿ ಇಟ್ಕೊಂಡೋನು ಕಳ್ಳ ಆಗಿದ್ರೇನೇ ಅದಕ್ಕೊಂದು ತೂಕ!” ನಡುಮನೆಯವರು ಟಿವಿಯ ಸದ್ದು ಜಾಸ್ತಿ ಮಾಡಿದರು. ನಾನೂ ಜಾಸ್ತಿ ಮಾಡಿದೆ.

ಜಾಹೀರಾತು ಬಂದಾಗ ಶ್ಯಾಮಲಾ ನೀರಿಗೆ ಒಳಗೆ ಬಂದಳು. ಬೋಗುಣಿ ಇಣುಕಿ ನೋಡಿ, “ಅಲ್ಲಾ ರೀ, ಮುಂದೇನಾಗುತ್ತೆ ಅಂತ ನಿಮ್ಮ ಅಭಿಪ್ರಾಯ?” ಎಂದಳು.

ನನ್ನ ಎದೆ ಉಬ್ಬಿತು. ಬಂದಳಲ್ಲ ದಾರಿಗೆ! “ಹೇಳಲ್ಲ,” ಎಂದೆ. “ಸೋಫಾ ಇಲ್ಲದ ಕಡೆ ನನ್ನ ಅಭಿಪ್ರಾಯ ಸಿಗಲ್ಲ. ಕಾಲಿಗೆ ಬಿದ್ರೂ ಹೇಳಲ್ಲ.”

“ಬೇಡ ಬಿಡಿ,” ಎಂದು ನೀರು ಕುಡಿದಳು. “ಯಾಮಿನಿ ನಿಮ್ಮ ಫೋನಿಗೆ ಹಾಕಿದ್ದನ್ನೇ ಟಿವಿಗೂ ಹಾಕೋಗಿದಾಳೆ. ಎರಡೂ ಒಂದೇ ಖಾತೆ. ಬೆಳಿಗ್ಗೆ ಆನ್ ಮಾಡಿದ್ರೆ ಮೊದಲು ಬರೋದೇ ನೀವು ಅಂಗಡೀಲಿ ಅರ್ಧಕ್ಕೆ ಬಿಟ್ಟಿರೋ ತೆಲುಗು ಸೀರಿಯಲ್ಲು. ‘ಮುಂದುವರಿಸಬೇಕಾ’ ಅಂತ ಕೇಳುತ್ತೆ. ನಾನು ಮುಂದುವರಿಸ್ತೀನಿ.”

ನನ್ನ ಕೈಯಲ್ಲಿದ್ದ ಕಾಳು ಜಾರಿತು. “ಮತ್ತೆ ಸೋದರತ್ತೆ ಅಂತ ನಿನಗೆ ಹೆಂಗೆ...”

“ರಾತ್ರಿ ಎಂಟಕ್ಕೆ ಬರೋ ನಮ್ಮ ಸೀರಿಯಲ್ಲು ಆ ಆ್ಯಪ್‌ನಲ್ಲಿ ಬೆಳಿಗ್ಗೇನೇ ಬರುತ್ತೆ. ನೀವು ಅಂಗಡಿಗೆ ಹೋದ್ಮೇಲೆ ಆವತ್ತಿಂದು ನೋಡ್ಬಿಟ್ಟಿದ್ದೆ.”

“ಮೋಸ!” ಎಂದು ಬೋಗುಣಿ ಅಲುಗುವಂತೆ ಗರ್ಜಿಸಿದೆ. “ಹಾಡುಹಗಲೇ ಮೋಸ! ಪಂದ್ಯ ರದ್ದು! ಕರಿ ಅಜೀಜಾನ್ನ!”

“ಕರೀತೀನಿ. ಇಬ್ರುದೂ ಹೇಳ್ಬಿಡಣ. ಮೊದಲು ಯಾರ್ದು ಹೇಳಣ, ನಿಮ್ದಾ, ನನ್ದಾ?”

ದಸ್ತಗಿರ್, ಅವನ ಬೈಕು, ಇಡೀ ಬೀದಿ ನನ್ನ ಕಣ್ಣ ಮುಂದೆ ಹಾದುಹೋಯಿತು. ನಾನು ಇನ್ನೊಂದು ಕಾಳು ಕೈಗೆತ್ತಿಕೊಂಡೆ. ಅವಳು ಲೋಟ ತೊಳೆದಿಟ್ಟು ಹೋದಳು.

ಸೋಫಾ ಕಿರ್ರೆಂದಿತು. ಅಜೀಜಾಳ ದನಿ ಕೇಳಿಸಿತು. “ಅಕ್ಕಾ, ಆವತ್ತು ಸೋದರತ್ತೆ ಅಂತ ನೀನು ಹೆಂಗಕ್ಕಾ ಹೇಳ್ಬಿಟ್ಟೆ?”

“ಮುಖ ನೋಡಿದ್ರೆ ಗೊತ್ತಾಗುತ್ತೆ ಕಣೇ,” ಎಂದಳು ನನ್ನ ಹೆಂಡತಿ, ಅಡುಗೆಮನೆಗೂ ಕೇಳುವಷ್ಟು ಜೋರಾಗಿ. “ಅದೆಲ್ಲ ಅನುಭವ.”

ಹೆಬ್ಬೆರಳಿನ ಚರ್ಮ ಸುಲಿದಿದೆ. ಬೋಗುಣಿ ಇನ್ನೂ ಅರ್ಧ ತುಂಬಿದೆ. ಆದರೂ ಯಾರು ಏನೇ ಅನ್ನಲಿ, ವಿಷ ಹಾಕಿದ್ದು ವಿಶ್ವನಾಥನೇ.