ಬುಸುಗುಡುವ ಕಂಪ್ಯೂಟರು

ಭೂಕಂಪದ ನಂತರ ಹಾಕಿದ ತಗಡಿನ ಶೆಡ್ಡುಗಳೆಲ್ಲ ಸಿಮೆಂಟಿನ ಮನೆಗಳಾಗಿ, ಆ ಮನೆಗಳಿಗೆಲ್ಲ ವೈಫೈ ಬಂದ ಒಂದಾನೊಂದು ಕಾಲದಲ್ಲಿ ಉಮರ್ಗಾ ಎಂಬ ಪಟ್ಟಣದಲ್ಲಿ ಗುರುಶಾಂತನೆಂಬ ಗಂಡನಿದ್ದ. ರಾಜನಲ್ಲ, ಹಿಟ್ಟಿನ ಗಿರಣಿಯವನು. ಅವನ ರಾಣಿ ತ್ರಿವೇಣಿಗೆ ಗರುಡನ ಮೇಲೆ ಕೂತು ಹಾರುವ ಆಸೆ. ಕಣ್ಣಿಗೆ ಮುಖವಾಡದಂಥ ವಿಆರ್ ಹೆಡ್‌ಸೆಟ್ ಕಟ್ಟಿಕೊಂಡರೆ ಹಾಗೆ ಹಾರಬಹುದಾದ ಆಟವೊಂದಿತ್ತು. ಹೆಡ್‌ಸೆಟ್ ಬಂದಾಗಿತ್ತು, ಅದನ್ನು ಓಡಿಸುವ ಕಂಪ್ಯೂಟರ್ ಇರಲಿಲ್ಲ.

“ಇವತ್ತು ಹೊತ್ತು ಮುಳುಗೂದ್ರಾಗ ನಿನ್ನ ಹಾರಸ್ತೀನಿ,” ಎಂದು ಗುರುಶಾಂತ ಮಾತು ಕೊಟ್ಟ.

“ಹಾರಸ್ಲಿಲ್ಲಂದ್ರ ನಾನೇ ಹಾರ್ತೀನ್ರಿ, ನಿಲಂಗಾ ಬಸ್ಸಿನ್ಯಾಗ, ತವರಿಗಿ. ವಾಪಸ್ ಯಾವಾಗಂತ ಕೇಳಬ್ಯಾಡ್ರಿ,” ಎಂದಳು ತ್ರಿವೇಣಿ.

ಆಯ್ಕೆ ತಪ್ಪಬಾರದೆಂದು ಅವನು ಸೋದರಮಾವ ಮಾಣಿಕಪ್ಪನ ಜೀಪು ಹತ್ತಿದ. ಮಾಣಿಕಪ್ಪ ಉದಗೀರದ ದನದ ಸಂತೆಯಲ್ಲಿ ದಲಾಲ. ಅವನು ಆರಿಸಿಕೊಟ್ಟ ಎತ್ತು ಎಂದೂ ನೊಗದಡಿ ಮಲಗಿದ್ದಿಲ್ಲ. ಪಕ್ಕದ ಮನೆಯ ರೇವಣಸಿದ್ಧ ಕರೆಯದೆಯೇ ಹಿಂದಿನ ಸೀಟಿನಲ್ಲಿ ಕೂತಿದ್ದ.

ಪೇಟೆಯ ಕಂಪ್ಯೂಟರ್ ಅಂಗಡಿಯವನು ಅವರೆದುರು ಎರಡು ಯಂತ್ರ ಚಾಲೂ ಮಾಡಿದ. ಒಂದರಲ್ಲಿ ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡು, ಮೈತುಂಬ ಫ್ಯಾನು. ಇನ್ನೊಂದು ತೆಳ್ಳಗೆ, ತಣ್ಣಗೆ, ಕಾರ್ಡೇ ಇಲ್ಲದ್ದು.

“ವಿಆರ್ ಆಟಕ್ಕ ಕಾರ್ಡೇ ಜೀವ ನೋಡ್ರಿ,” ಎಂದ.

ಮಾಣಿಕಪ್ಪ ದೊಡ್ಡದನ್ನು ಸುತ್ತುಹಾಕಿದ. ಬೆನ್ನು ತಟ್ಟಿದ. ಫ್ಯಾನಿನ ಗಾಳಿಗೆ ಮೂಗೊಡ್ಡಿದ. “ಥೂ, ಏನ್ ಬುಸುಗುಡ್ತದೋ ಇದು! ಮೈಯೆಲ್ಲಾ ಜ್ವರ. ಕಾರ್ಡಂತ ಕಾರ್ಡು, ಡುಬ್ಬದಾಗ ಗಂಟು ಬೆಳದಂಗದ. ಪುಕ್ಕಟ ಕೊಟ್ರೂ ಬ್ಯಾಡ!” ಎಂದವನೇ ಟವೆಲ್ ಝಾಡಿಸಿ ಚಹಾ ಕುಡಿಯಲು ಹೊರನಡೆದ.

ಮಾವ ಬೇಡವೆಂದ ಮೇಲೆ ಇನ್ನೇನು? ಹೊತ್ತು ಬೇರೆ ಇಳಿಯುತ್ತಿತ್ತು. ಗುರುಶಾಂತ ತಣ್ಣನೆಯದನ್ನು ಕೊಂಡು, ಸಿಕ್ಕ ಆಟೋ ಹತ್ತಿ ಮನೆಗೆ ಓಡಿದ.

ತ್ರಿವೇಣಿ ಹೆಡ್‌ಸೆಟ್ ಕಟ್ಟಿಕೊಂಡಳು. ಗರುಡ ಒಂದು ರೆಕ್ಕೆ ಎತ್ತಿತು. ಇನ್ನೊಂದನ್ನು ಎತ್ತಲೋ ಬೇಡವೋ ಎಂದು ಯೋಚಿಸುತ್ತ ನಿಂತಿತು. ತಲೆ ತಿರುಗಿ ಅವಳು ಜೋಳದ ಚೀಲದ ಮೇಲೆ ಕುಸಿದಳು.

“ಇದೇನ್ ಗರುಡೇನ್ರಿ? ಕಾವಿಗಿ ಕೂತ ಕೋಳಿ! ಬಸ್ಸಿನ ಟೈಮ್ ನೋಡ್ರಿ.”

ಅಷ್ಟರಲ್ಲಿ, ಚಹಾದಂಗಡಿಯಿಂದಲೇ ಅಳಿಯನ ಆಟೋ ಕಂಡು ಬೆನ್ನಟ್ಟಿದ ಮಾಣಿಕಪ್ಪ ಏದುಸಿರು ಬಿಡುತ್ತ ಬಂದ. “ಎಲ್ಲೋ ಆ ಬುಸುಗುಡೂದು?”

“ನೀವೇ ಬೈದ್ರಲ್ರಿ ಮಾಮಾ!”

“ಖೋಡಿ! ಬ್ಯಾಡಾದ ದನಕ್ಕ ಯಾರರೆ ಅಷ್ಟು ಬೈತಾರೇನು? ಬಾಯ್ತುಂಬ ಬೈದು, ಚಹಾ ಕುಡದು, ತಿರುಗಿ ಹೋಗಿ ಕಮ್ಮಿ ರೇಟಿಗಿ ಹಗ್ಗ ಹಿಡೀಬೇಕು. ಸಂತಿ ರಿವಾಜೇ ಅದು!”

ಇಬ್ಬರೂ ಅಂಗಡಿಗೆ ಹೊರಡುವಷ್ಟರಲ್ಲಿ ಪಕ್ಕದ ಮನೆಯಿಂದ ಬುಸ್ ಎಂಬ ಸದ್ದು ಕೇಳಿತು. ಓಡಿ ನೋಡಿದರೆ, ಅಂಗಡಿಯಲ್ಲೇ ಉಳಿದಿದ್ದ ರೇವಣಸಿದ್ಧ ತಾನು ಕೊಂಡುತಂದ ಅದೇ ದೊಡ್ಡ ಕಂಪ್ಯೂಟರಿಗೆ ವಿಭೂತಿ ಹಚ್ಚುತ್ತಿದ್ದ.

“ಇದ್ರಾಗ ಏನ್ ಮಾಡ್ತಾರಂತ ನನಗಿನ್ನಾ ತಿಳ್ದಿಲ್ರಿ,” ಎಂದ ಅವನು. “ಆದ್ರ ಮಾಣಿಕಪ್ಪ ಮಾಮಾ ಅಷ್ಟು ಬೈದ ಮ್ಯಾಲ ಬಿಡ್ಲಾಕ ನನಗೇನು ಹುಚ್ಚೇನು?”

ಗುರುಶಾಂತ ಉಪಾಯ ಹೂಡಿದ. “ಅಯ್ಯೋ, ಅದು ಬರೇ ಸುಡುಗಾಡು ಡಬ್ಬಿ! ನನಗರೆ ಕೊಟ್ಟುಬಿಡು.”

ರೇವಣಸಿದ್ಧ ಡಬ್ಬಿಯನ್ನು ಅಪ್ಪಿಕೊಂಡ. “ನೀವೂ ಬೈದ್ರಿ? ಹಂಗಾರ ಕೊಡೂದೇ ಇಲ್ಲ!”

“ಕೊಡಬ್ಯಾಡಣ್ಣಾ,” ಎನ್ನುತ್ತ ತ್ರಿವೇಣಿ ಹೆಡ್‌ಸೆಟ್ ಹಿಡಿದು ಒಳಬಂದಳು. “ನಾ ದಿನಾ ಇಲ್ಲೇ ಬಂದು ಹಾರ್ತೀನಿ.”

ಹೊತ್ತು ಮುಳುಗುವ ಮುನ್ನ ಅವಳು ನೆರೆಮನೆಯ ಪಡಸಾಲೆಯಿಂದ ಮೋಡದ ಮೇಲಕ್ಕೆ ಹಾರಿದಳು. ಗುರುಶಾಂತ, ಹೋರಿಯ ಹಗ್ಗ ಹಿಡಿದವನಂತೆ, ಹೆಡ್‌ಸೆಟ್ಟಿನ ವೈರು ಎತ್ತಿಕೊಂಡು ಅವಳ ಹಿಂದೆ ಹಿಂದೆ ಓಡುತ್ತಿದ್ದ.